ಲಾಭದ ಉದ್ದಿಮೆ ಮತ್ತು ಸೇವಾ ಸಂಸ್ಥೆ: ಇವೆರಡರ ನಡುವಿನ ಗೆರೆ ಈಗ ಎಲ್ಲಿದೆ?

ಪ್ರಶ್ನೆ (ಜಿಜ್ಞಾಸು):

ಸಾಮಾಜಿಕ ಉದ್ಯಮಶೀಲತೆಯ, ಅಂದರೆ ಸಮಾಜದ ಸಮಸ್ಯೆಗಳನ್ನು ಉದ್ಯಮದ ರೀತಿಯಲ್ಲಿ ಪರಿಹರಿಸಲು ಹೊರಡುವ ಪ್ರಯತ್ನಗಳ, ಬಗ್ಗೆ ಓದುತ್ತ ಹೋದಂತೆ ಗೊಂದಲ ಹೆಚ್ಚುತ್ತಿದೆ. ದೇಣಿಗೆಯಿಂದ ನಡೆಯುವುದು ಸೇವಾ ಸಂಸ್ಥೆ, ಮಾರಾಟದಿಂದ ನಡೆಯುವುದು ವ್ಯಾಪಾರ ಎಂಬ ವಿಂಗಡಣೆಯನ್ನು ಒಪ್ಪಿಕೊಂಡರೆ, ಬಡವರಿಗೆ ಸಾಲ ಕೊಟ್ಟು ಬಡ್ಡಿ ಪಡೆಯುವ, 2006ರಲ್ಲಿ ತನ್ನ ಸ್ಥಾಪಕ ಮುಹಮ್ಮದ್ ಯೂನುಸ್ ಅವರೊಂದಿಗೆ ನೊಬೆಲ್ ಶಾಂತಿ ಪುರಸ್ಕಾರವನ್ನು ಹಂಚಿಕೊಂಡ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕನ್ನು ಯಾವ ಕಡೆ ಇಡಬೇಕು? ಕಂಪನಿಗಳು ತಮ್ಮ ನಿಯಮಾವಳಿಯಲ್ಲೇ ಸಾಮಾಜಿಕ ಧ್ಯೇಯವನ್ನು ಬರೆದುಕೊಳ್ಳುತ್ತಿವೆ. ಸ್ವಯಂಸೇವಾ ಸಂಸ್ಥೆಗಳು ಶುಲ್ಕ, ಹೂಡಿಕೆ, ಪ್ರತಿಫಲ ಎಂದು ಮಾತನಾಡುತ್ತಿವೆ. ಗೆರೆ ನಿಜವಾಗಿಯೂ ಅಳಿಸಿಹೋಗಿದೆಯೇ, ಅಥವಾ ಅದು ಬೇರೆಲ್ಲೋ ಇದೆಯೇ?

ಉತ್ತರ (ಲೆಕ್ಕಿಗ):

ಹಣ ಎಲ್ಲಿಂದ ಬರುತ್ತದೆ ಎಂಬುದು ಎಂದೂ ಸರಿಯಾದ ಗೆರೆಯಾಗಿರಲಿಲ್ಲ. ಧರ್ಮಾರ್ಥ ಆಸ್ಪತ್ರೆಗಳೂ ವಿಶ್ವವಿದ್ಯಾಲಯಗಳೂ ಬಹಳ ಹಿಂದಿನಿಂದ ಶುಲ್ಕ ಪಡೆಯುತ್ತಲೇ ಬಂದಿವೆ. ಅಮೆರಿಕದ ಕಾನೂನು ವಿದ್ವಾಂಸ ಹೆನ್ರಿ ಹ್ಯಾನ್ಸ್‌ಮನ್ 1980ರಲ್ಲೇ ಇದನ್ನು ಸ್ಪಷ್ಟಪಡಿಸಿದ್ದರು: ಲಾಭರಹಿತ ಸಂಸ್ಥೆಗೆ ಲಾಭ ಗಳಿಸಲು ಅಡ್ಡಿಯಿಲ್ಲ, ಗಳಿಸಿದ್ದನ್ನು ಅದರ ಮೇಲೆ ಹಿಡಿತವಿರುವವರು ಹಂಚಿಕೊಳ್ಳುವಂತಿಲ್ಲ, ಅಷ್ಟೆ. ಆದ್ದರಿಂದ ನಾವು ಕೇಳಬೇಕಾದದ್ದು ಖರ್ಚು ಕಳೆದು ಉಳಿದ ಹಣದ ಮೇಲೆ ಯಾರಿಗೆ ಹಕ್ಕಿದೆ ಎಂಬುದನ್ನು.

ಎರಡು ಉದಾಹರಣೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿ. ಡಾ. ಗೋವಿಂದಪ್ಪ ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳೊಂದಿಗೆ ಮದುರೆಯಲ್ಲಿ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆ ದುಡ್ಡು ಕೊಡಬಲ್ಲವರಿಂದ ಪಡೆದು, ಕೊಡಲಾಗದವರಿಗೆ ಉಚಿತವಾಗಿಯೋ ಅತ್ಯಲ್ಪ ದರಕ್ಕೋ ಶಸ್ತ್ರಚಿಕಿತ್ಸೆ ಮಾಡುತ್ತದೆ. ಕೆಲಸದ ವಿಂಗಡಣೆ, ವೇಗ, ವೆಚ್ಚದ ಮೇಲಿನ ಹಿಡಿತ ಎಲ್ಲದರಲ್ಲೂ ಅದು ಯಾವ ಕಾರ್ಖಾನೆಗೂ ಕಡಿಮೆಯಿಲ್ಲ. 1992ರಲ್ಲಿ ಆರೋಲ್ಯಾಬ್ ಸ್ಥಾಪಿಸಿ, ಕಣ್ಣೊಳಗೆ ಅಳವಡಿಸುವ ಮಸೂರವನ್ನೂ ಅಗ್ಗದ ಬೆಲೆಗೆ ತಾನೇ ತಯಾರಿಸಿತು. ಆದರೆ ಅದು ಟ್ರಸ್ಟ್ ಆಗಿರುವುದರಿಂದ ಉಳಿಕೆಯನ್ನು ಮನೆಗೆ ಒಯ್ಯುವ ಒಡೆಯರಿಲ್ಲ. ಮೆಕ್ಸಿಕೋದ ಕಂಪಾರ್ತಾಮೋಸ್ ಕೂಡ ಹುಟ್ಟುವಾಗ ಬಡ ಹೆಂಗಸರಿಗೆ ಕಿರುಸಾಲ ಕೊಡುವ ಸ್ವಯಂಸೇವಾ ಸಂಸ್ಥೆಯೇ ಆಗಿತ್ತು. ಮುಂದೆ ಅದು ಕಂಪನಿಯಾಯಿತು, ಬ್ಯಾಂಕಾಯಿತು, 2007ರಲ್ಲಿ ಷೇರುಪೇಟೆಗೆ ಬಂತು. ಆಗ ಹಳೆಯ ಹೂಡಿಕೆದಾರರು ತಮ್ಮ ಷೇರುಗಳಲ್ಲಿ ಸುಮಾರು ಶೇಕಡಾ 30ರಷ್ಟನ್ನು ಮಾರಿ 45 ಕೋಟಿ ಡಾಲರಿನಷ್ಟು ಪಡೆದರು. ಹೊಸ ಸಾಲಗಳಿಗಾಗಿ ಬ್ಯಾಂಕಿಗೆ ಬಂದ ಬಂಡವಾಳವಲ್ಲ ಅದು. ಸಾಲಗಾರರು ತೆರುತ್ತಿದ್ದ ಬಡ್ಡಿಯಾದರೋ ವರ್ಷಕ್ಕೆ ಶೇಕಡಾ 80ಕ್ಕೂ ಮಿಗಿಲಾಗಿತ್ತು. ಯೂನುಸ್ ಇದನ್ನು ಬಹಿರಂಗವಾಗಿಯೇ ಖಂಡಿಸಿದರು. ಎರಡೂ ಸಂಸ್ಥೆಗಳು ಬಡವರೊಂದಿಗೆ ವ್ಯವಹರಿಸಿದವು, ಎರಡೂ ದಕ್ಷವಾಗಿದ್ದವು. ಅವುಗಳನ್ನು ಬೇರೆ ಮಾಡಿದ್ದು ಉಳಿದ ಹಣ ಹರಿದ ದಿಕ್ಕು.

ಉತ್ತರ (ಕಾಯಿದೆಯ ವಿದ್ಯಾರ್ಥಿ):

ಮೇಲಿನ ಮಾತನ್ನು ಒಪ್ಪುತ್ತಲೇ ಒಂದನ್ನು ಸೇರಿಸುತ್ತೇನೆ. ಈ ಎರಡು ತುದಿಗಳ ನಡುವಿನ ಜಾಗಕ್ಕೆಂದೇ ಹಲವು ದೇಶಗಳು ಹೊಸ ಕಾನೂನು ರೂಪಗಳನ್ನು ಕೊಟ್ಟಿವೆ. ಹೆಸರಿನಲ್ಲಿ ಸಾಮ್ಯವಿದ್ದರೂ ಅವು ಕೊಡುವ ಭದ್ರತೆಯಲ್ಲಿ ಅಜಗಜಾಂತರವಿದೆ. ಇಟಲಿ 1991ರಲ್ಲೇ ಸಾಮಾಜಿಕ ಸಹಕಾರ ಸಂಘಗಳಿಗೆ ಪ್ರತ್ಯೇಕ ಕಾನೂನು ಮಾಡಿತು. ಬ್ರಿಟನ್ನಿನಲ್ಲಿ 2005ರಿಂದ ಇರುವ ಸಮುದಾಯ ಹಿತಾಸಕ್ತಿ ಕಂಪನಿಯ ಆಸ್ತಿಗೆ ಕಾನೂನಿನ ಬೀಗವಿದೆ: ಷೇರುದಾರರಿಗೆ ಲಾಭಾಂಶ ಕೊಡಬಹುದಾದರೂ ಅದಕ್ಕೆ ಮಿತಿಯುಂಟು, ಕಂಪನಿ ಮುಚ್ಚಿದರೆ ಉಳಿದ ಆಸ್ತಿ ಅಂಥದೇ ಬೀಗವಿರುವ ಇನ್ನೊಂದು ಸಂಸ್ಥೆಗೆ ಹೋಗಬೇಕು. ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2010ರಲ್ಲಿ ಮೊದಲು ಜಾರಿಗೆ ತಂದ ಬೆನಿಫಿಟ್ ಕಾರ್ಪೊರೇಷನ್‌ಗೆ ಲಾಭ ಹಂಚಿಕೆಯಲ್ಲಿ ಅಂಥ ಮಿತಿಯೇನೂ ಇಲ್ಲ. ನಿರ್ದೇಶಕರು ತೀರ್ಮಾನ ಮಾಡುವಾಗ ಸಮಾಜದ ಹಿತವನ್ನೂ ಗಣಿಸಬೇಕು, ಅಷ್ಟೆ. ಬಿ ಕಾರ್ಪ್ ಎಂಬುದು ಇದಕ್ಕಿಂತಲೂ ಬೇರೆ, ಅದು ಸಮಾಜ ಮತ್ತು ಪರಿಸರದ ಕುರಿತ ಮಾನದಂಡಗಳನ್ನು ಪೂರೈಸಿದ ಕಂಪನಿಗಳಿಗೆ ಬಿ ಲ್ಯಾಬ್ ಎಂಬ ಖಾಸಗಿ ಸಂಸ್ಥೆ ಕೊಡುವ ಪ್ರಮಾಣಪತ್ರ. ಕೈಕಸುಬಿನ ವಸ್ತುಗಳ ಆನ್‌ಲೈನ್ ಮಾರುಕಟ್ಟೆಯಾದ ಎಟ್ಸಿ ಕಂಪನಿ ಷೇರುಪೇಟೆಗೆ ಬಂದ ಎರಡು ವರ್ಷಗಳಲ್ಲಿ, 2017ರಲ್ಲಿ, ಅದನ್ನು ಬಿಟ್ಟುಕೊಟ್ಟಿತು.

ಧ್ಯೇಯವನ್ನು ನಿಯಮಾವಳಿಯಲ್ಲಿ ಬರೆದ ಮಾತ್ರಕ್ಕೆ ಷೇರುದಾರರ ತಾಳ್ಮೆ ಹೆಚ್ಚುವುದಿಲ್ಲ. ಫ್ರಾನ್ಸಿನ ಆಹಾರ ಕಂಪನಿ ಡ್ಯಾನೋನ್ 2020ರ ಜೂನ್‌ನಲ್ಲಿ ಷೇರುದಾರರ ಬಹುತೇಕ ಸರ್ವಾನುಮತದಿಂದ ಧ್ಯೇಯನಿಷ್ಠ ಕಂಪನಿ (ನಿಯಮಾವಳಿಯಲ್ಲೇ ಸಾಮಾಜಿಕ ಧ್ಯೇಯವನ್ನು ಬರೆದುಕೊಳ್ಳುವ ಫ್ರೆಂಚ್ ಕಾನೂನು ರೂಪ) ಎನಿಸಿಕೊಂಡಿತು. ಆ ಬದಲಾವಣೆಯ ಮುಂದಾಳು, ಕಂಪನಿಯ ಮುಖ್ಯಸ್ಥ ಎಮಾನ್ಯುಯೆಲ್ ಫೇಬರ್ 2021ರ ಮಾರ್ಚ್‌ನಲ್ಲಿ, ಗಳಿಕೆ ಸಾಲದೆಂಬ ಕೆಲವು ಹೂಡಿಕೆದಾರರ ಒತ್ತಡದ ನಡುವೆ, ಹುದ್ದೆ ಕಳೆದುಕೊಂಡರು. ಉಳಿಕೆಯ ಹಕ್ಕಿನ ಜೊತೆಗೆ, ಧ್ಯೇಯಕ್ಕೂ ಹಣಕ್ಕೂ ಘರ್ಷಣೆ ಬಂದ ದಿನ ಕೊನೆಯ ಮಾತು ಯಾರದು ಎಂಬುದನ್ನೂ ಕೇಳಬೇಕೆಂದು ನಾನು ಹೇಳುವುದು ಇದಕ್ಕೇ.

ಉತ್ತರ (ಕ್ಷೇತ್ರದಲ್ಲಿರುವವಳು):

ಇಲ್ಲಿಯವರೆಗಿನ ಚರ್ಚೆಯೆಲ್ಲ ಒಡೆತನದ ಸುತ್ತ ನಡೆದಿದೆ. ಒಡೆಯರೇ ಇಲ್ಲದ ಸಂಸ್ಥೆಯೂ ಮಾರುಕಟ್ಟೆಯ ಲೆಕ್ಕಾಚಾರಕ್ಕೆ ಒಗ್ಗಿಹೋಗಬಲ್ಲದು. ಉದ್ಯೋಗ ತರಬೇತಿ ಕೊಡುವ ಸಂಸ್ಥೆಗೆ, ಕೆಲಸ ಸಿಕ್ಕವರ ಸಂಖ್ಯೆಯನ್ನು ನೋಡಿ ಹಣ ಕೊಡುತ್ತೇವೆ ಎಂದರೆ, ಅದು ತರಬೇತಿ ಇಲ್ಲದೆಯೂ ಕೆಲಸ ಸಿಗುತ್ತಿದ್ದವರನ್ನೇ ಹುಡುಕಿ ಸೇರಿಸಿಕೊಳ್ಳುತ್ತದೆ. ತೀರಾ ಕಷ್ಟದಲ್ಲಿರುವವರು ವರದಿಯ ಅಂಕಿಅಂಶವನ್ನು ಕೆಡಿಸುವವರಾಗಿ ಕಾಣತೊಡಗುತ್ತಾರೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಿಲ್ಲ.

ಇದನ್ನು ತಡೆಯಲು ಸಾಧ್ಯ ಎಂಬುದಕ್ಕೂ ನಿದರ್ಶನವಿದೆ. 2010ರಲ್ಲಿ ಇಂಗ್ಲೆಂಡಿನ ಪೀಟರ್‌ಬರೋ ಸೆರೆಮನೆಯಲ್ಲಿ ಜಗತ್ತಿನ ಮೊದಲ ಸಾಮಾಜಿಕ ಪರಿಣಾಮ ಬಾಂಡ್ (ಸೇವೆಗೆ ಬೇಕಾದ ಹಣವನ್ನು ಹೂಡಿಕೆದಾರರು ಮೊದಲು ಹಾಕಿ, ಗೊತ್ತುಮಾಡಿದ ಫಲಿತಾಂಶ ಬಂದರಷ್ಟೇ ಅದನ್ನು ಪ್ರತಿಫಲದೊಂದಿಗೆ ಮರಳಿ ಪಡೆಯುವ ಒಪ್ಪಂದ) ಆರಂಭವಾದಾಗ, ನೆರವು ಪಡೆದವರನ್ನಷ್ಟೇ ಎಣಿಸದೆ, ಅಲ್ಪಾವಧಿಯ ಶಿಕ್ಷೆ ಮುಗಿಸಿ ಹೊರಬಂದ ಎಲ್ಲ ಪುರುಷ ಕೈದಿಗಳ ಮರುಅಪರಾಧವನ್ನು ಅಳೆದು, ಬೇರೆ ಸೆರೆಮನೆಗಳ ಅಂಥದೇ ಕೈದಿಗಳೊಂದಿಗೆ ಹೋಲಿಸುವುದೆಂದು ಗೊತ್ತುಮಾಡಲಾಗಿತ್ತು. ಹಾಗಾಗಿ ಸುಲಭದವರನ್ನು ಆರಿಸಿಕೊಳ್ಳುವುದರಿಂದ ಲಾಭವೇ ಇರಲಿಲ್ಲ. ಮರುಅಪರಾಧ ಶೇಕಡಾ 9ರಷ್ಟು ತಗ್ಗಿತು, ನಿಗದಿಯಾಗಿದ್ದ 7.5ರ ಗುರಿಯನ್ನು ದಾಟಿತು, ಹೂಡಿಕೆದಾರರಿಗೆ ಹಣ ಮರಳಿತು. ಆದರೆ ಇಷ್ಟು ಎಚ್ಚರದ ಅಳತೆಗೆ ಸಮಯವೂ ಖರ್ಚೂ ಬೇಕು, ಮತ್ತು ಎಲ್ಲ ಕೆಲಸವೂ ಅಳತೆಗೆ ಸಿಗುವುದಿಲ್ಲ. ಅನ್ಯಾಯದ ಕಾನೂನಿನ ವಿರುದ್ಧ ದಶಕಗಟ್ಟಲೆ ಹೋರಾಡುವವರಿಗೆ ಗ್ರಾಹಕರು ಯಾರು? ಅಂಥ ಕೆಲಸ ದೇಣಿಗೆಯಿಂದಲೇ ನಡೆಯಬೇಕು. ಅದಕ್ಕೂ ಸ್ವಾವಲಂಬನೆಯ ಉಪದೇಶ ಮಾಡುವುದು ನನಗೆ ಸರಿಕಾಣುವುದಿಲ್ಲ.

ಜಿಜ್ಞಾಸು:

ಧನ್ಯವಾದಗಳು. ಹಾಗಾದರೆ ದತ್ತಿ ಸಂಸ್ಥೆಯೇ ಕಂಪನಿಯ ಒಡೆತನ ಹೊಂದಿ ಎರಡನ್ನೂ ಬೇರೆಬೇರೆಯಾಗಿ ನಡೆಸಿದರೆ ತೊಡಕು ಪರಿಹಾರವಾಗುವುದಿಲ್ಲವೇ?

ಉತ್ತರ (ಲೆಕ್ಕಿಗ):

ಭಾಗಶಃ ಆಗುತ್ತದೆ. ಫೈರ್‌ಫಾಕ್ಸ್ ಬ್ರೌಸರ್‌ನ ಹಿಂದಿರುವ ಲಾಭರಹಿತ ಸಂಸ್ಥೆ ಮೊಜಿಲ್ಲಾ ಫೌಂಡೇಷನ್ 2005ರಲ್ಲಿ ತೆರಿಗೆ ಕಟ್ಟುವ ಮೊಜಿಲ್ಲಾ ಕಾರ್ಪೊರೇಷನ್ ಅನ್ನು ಸ್ಥಾಪಿಸಿದ್ದು ಹೀಗೆಯೇ, ಅದರ ಒಡೆತನ ಪೂರ್ತಿಯಾಗಿ ಫೌಂಡೇಷನ್ನಿನದೇ. ಹೊರಗಿನ ಷೇರುದಾರರ ಕಾಟ ಅದಕ್ಕಿಲ್ಲ. ಆದರೂ ಅದರ ಆದಾಯದ ಬಹುಪಾಲು ಬರುತ್ತಿರುವುದು ಬ್ರೌಸರ್ ಪೇಟೆಯಲ್ಲಿ ತನ್ನ ಪ್ರತಿಸ್ಪರ್ಧಿಯೇ ಆದ ಗೂಗಲ್‌ನೊಂದಿಗಿನ, ಬ್ರೌಸರ್‌ನ ಹುಡುಕಾಟಕ್ಕೆ ಗೂಗಲನ್ನೇ ಮೊದಲ ಆಯ್ಕೆಯಾಗಿಡುವ ಒಪ್ಪಂದದಿಂದ. ಒಡೆತನ ಕೈಯಲ್ಲಿದ್ದರೂ ಅವಲಂಬನೆ ತಪ್ಪಲಿಲ್ಲ.

ನೀವು ಅಂಥ ಜೋಡಿ ಸಂಸ್ಥೆಯೊಂದನ್ನು ಪರಿಶೀಲಿಸುವುದಾದರೆ ವಾರ್ಷಿಕ ವರದಿಯ ಚಿತ್ರಗಳನ್ನು ಬದಿಗಿಟ್ಟು, ಕಂಪನಿಯ ನಿರ್ದೇಶಕರನ್ನು ನೇಮಿಸುವ ಮತ್ತು ತೆಗೆಯುವ ಅಧಿಕಾರ ಯಾರಿಗಿದೆ, ಸಿಬ್ಬಂದಿ, ಕಟ್ಟಡ, ಹೆಸರು ಇವುಗಳ ಬಳಕೆಗೆ ಎರಡೂ ಕಡೆಯವರು ಪರಸ್ಪರ ಎಷ್ಟು ಕೊಡುತ್ತಿದ್ದಾರೆ, ಕಂಪನಿಯನ್ನು ಮಾರಿದರೆ ಬರುವ ಹಣ ಎಲ್ಲಿಗೆ ಸೇರುತ್ತದೆ ಎಂಬುದನ್ನು ಮೊದಲು ನೋಡಿ. ಇವುಗಳಲ್ಲಿ ಎರಡನೆಯದರಲ್ಲೇ ಹೆಚ್ಚಿನ ಸೋರಿಕೆ ನಡೆಯುತ್ತದೆ ಎಂಬುದು ನನ್ನ ಅನುಭವ. ದೇಣಿಗೆಯ ಹಣ ಬಾಡಿಗೆ ಅಥವಾ ಸಲಹಾ ಶುಲ್ಕದ ರೂಪದಲ್ಲಿ ಕಂಪನಿಯತ್ತ ಸರಿದರೆ ಲೆಕ್ಕಪತ್ರದಲ್ಲಿ ಅದು ಸಾಮಾನ್ಯ ಖರ್ಚಿನಂತೆಯೇ ಕಾಣುತ್ತದೆ.