ಜೀಪಿನ ಬಂಪರ್ ಮೇಲೆ ನಿಂತ ಕಬ್ಬಿಣಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಎರಡನೇ ಮಹಾಯುದ್ಧದ ಜೀಪುಗಳ ಹಳೆಯ ಫೋಟೋಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. ಬಾನೆಟ್, ಬಂಪರ್, ಸ್ಟೆಪ್ನಿ ಎಲ್ಲ ನಮ್ಮ ಮಾತೇ ಆಗಿಬಿಟ್ಟಿವೆ, ಅವನ್ನು ಬದಲಿಸಲು ಹೋಗಿಲ್ಲ. ಡ್ರೈವರ್ ಪಕ್ಕದ ಮೈಗೆ ಬಿಗಿದಿರುವ ಸಲಿಕೆ, ಕೊಡಲಿಗೂ ತೊಂದರೆಯಿಲ್ಲ. ಸಿಕ್ಕಿಬಿದ್ದಿರುವುದು ಒಂದೇ ಸಾಮಾನಿನ ಹತ್ತಿರ.

ಇಟಲಿ, ನಾರ್ಮಂಡಿ ಕಡೆ ತೆಗೆದ ಫೋಟೋಗಳಲ್ಲಿ ಅದು ಜಾಸ್ತಿ ಕಾಣುತ್ತದೆ. ಮುಂದಿನ ಬಂಪರ್ ಮೇಲೆ ಒಂದು ಕಬ್ಬಿಣದ ಆಂಗಲ್ ನೆಟ್ಟಗೆ ನಿಂತಿರುತ್ತದೆ. ಕೂತವರ ತಲೆಗಿಂತ ಎತ್ತರ. ತುದಿ ಮುಂದಕ್ಕೆ ಬಾಗಿದ್ದು, ಅಲ್ಲೊಂದು ಕಚ್ಚು. ನೋಡಿದವರು ವೈರ್‌ಲೆಸ್ಸಿನ ಕಂಬಿ ಅಂದುಕೊಳ್ಳುತ್ತಾರೆ. ಆದರೆ ಇದರ ಕೆಲಸವೇ ಬೇರೆ. ಬಿಸಿಲಿಗೆ ಗಾಜು ಮಿಂಚಿದರೆ ಶತ್ರುವಿಗೆ ದೂರದಿಂದಲೇ ಸುಳಿವು ಸಿಗುತ್ತದೆ ಅಂತ ಸೈನಿಕರು ಮುಂದಿನ ಗಾಜನ್ನು ಬಾನೆಟ್ ಮೇಲೆ ಮಲಗಿಸಿಕೊಂಡು ಓಡಿಸುತ್ತಿದ್ದರು. ಅದನ್ನು ಕಂಡ ಜರ್ಮನ್ನರು ರಸ್ತೆಗೆ ಅಡ್ಡವಾಗಿ, ಕತ್ತಿನ ಮಟ್ಟಕ್ಕೆ ತೆಳು ತಂತಿ ಬಿಗಿದು ಹೋಗುತ್ತಿದ್ದರು. ವೇಗದಲ್ಲಿ ಬಂದವರ ಗತಿ ಏನು, ಹೇಳಬೇಕಾಗಿಲ್ಲ. ಈ ಕಬ್ಬಿಣ ಆ ತಂತಿಯನ್ನು ಕಚ್ಚಿನಲ್ಲಿ ಹಿಡಿದು ತುಂಡು ಮಾಡುತ್ತಿತ್ತು. ಗಾಡಿಯ ಜೊತೆ ಕಾರ್ಖಾನೆಯಿಂದ ಬಂದದ್ದಲ್ಲ, ಹೆಚ್ಚಾಗಿ ಸೇನೆಯ ವರ್ಕ್‌ಶಾಪಿನವರೇ ಸಿಕ್ಕ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡಿ ಕೂರಿಸಿದ್ದು. ಅದಕ್ಕೇ ಒಂದರ ಹಾಗೆ ಇನ್ನೊಂದಿಲ್ಲ.

ಇಂಗ್ಲಿಷಿನವರು ವೈರ್ ಕಟರ್ ಅಂದು ಮುಗಿಸಿದ್ದಾರೆ. ನಾವು ಸುಮ್ನೆ 'ತಂತಿ ಕತ್ತರಿ' ಅಂದರೆ ಓದುವವರು ಎಲೆಕ್ಟ್ರಿಷಿಯನ್ ಕೈಯ ಕಟಿಂಗ್ ಪ್ಲೇಯರನ್ನು ಫೋಟೋದಲ್ಲಿ ಹುಡುಕುತ್ತಾರೆ. 'ತಂತಿಭೇದಕ' ಅಂತ ಗೆಳೆಯರೊಬ್ಬರು ಕೊಟ್ಟರು. ಕ್ಷಿಪಣಿಯ ಹೆಸರಿದ್ದ ಹಾಗಿದೆ, ಬೇಡ. 'ತಂತಿಗೊಕ್ಕೆ' ನನಗೆ ಇಷ್ಟ. ಬಾಗಿದ ತುದಿ ಕಣ್ಣಿಗೆ ಕಟ್ಟುತ್ತದೆ, ಆದರೆ ಕಡಿಯುವ ಅರ್ಥ ಬರುವುದಿಲ್ಲ. 'ತಂತಿ ಕಡಿಯುವ ಸಲಾಕೆ' ಅಂದರೆ ಅರ್ಥ ಸರಿ, ಆದರೆ ಸಲಾಕೆ ಅಂದಾಗ ನನಗೆ ದುಂಡನೆಯ ಕಂಬಿ ನೆನಪಾಗುತ್ತದೆ. ನಿಮಗೂ ಹಾಗೇನಾ? ಹಾಗಲ್ಲ ಅಂತಾದರೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಮಾತು. ಗುಜರಾತಿನಲ್ಲಿ ಸಂಕ್ರಾಂತಿ ಹೊತ್ತಿಗೆ ಗಾಳಿಪಟದ ಮಾಂಜಾ ಕತ್ತಿಗೆ ಸಿಗದಿರಲಿ ಅಂತ ಬೈಕಿನ ಹ್ಯಾಂಡಲಿಗೆ ಕಂಬಿ ಬಗ್ಗಿಸಿ ಕಟ್ಟುತ್ತಾರೆ. ಹೆಚ್ಚುಕಡಿಮೆ ಇದೇ ಕೆಲಸ. ಬೆಳಗಾವಿ, ಹುಬ್ಬಳ್ಳಿ ಕಡೆಯವರು ಅಂಥದ್ದಕ್ಕೆ ಏನಾದರೂ ಹೆಸರು ಹೇಳುವುದುಂಟಾ?

ಜೊತೆಗೆ ಒಂದು ಸಣ್ಣ ಪ್ರಶ್ನೆ. 1941ರ ಮೊದಮೊದಲ ವಿಲ್ಲಿಸ್ ಕಂಪನಿಯ ಜೀಪುಗಳ ಮೂತಿಗೆ ಕಬ್ಬಿಣದ ಪಟ್ಟಿಗಳನ್ನು ಸಾಲಾಗಿ ವೆಲ್ಡ್ ಮಾಡಿದ್ದರು. ಆಮೇಲೆ ಫೋರ್ಡ್‌ನವರು ತಗಡನ್ನೇ ಅಚ್ಚೊತ್ತಿ ಒಂಬತ್ತು ಸೀಳು ಬಿಟ್ಟರು. ಹಗುರ, ಅಗ್ಗ. ವಿಲ್ಲಿಸ್‌ನವರೂ ಅದನ್ನೇ ಹಿಡಿದರು. ಫೋಟೋ ಯಾವ ಹೊತ್ತಿನದು ಅಂತ ಅಂದಾಜು ಮಾಡಲು ಇದು ಒಳ್ಳೆಯ ಗುರುತು. ಮೊದಲನೆಯದಕ್ಕೆ 'ಪಟ್ಟಿ ಗ್ರಿಲ್', ಎರಡನೆಯದಕ್ಕೆ 'ಕಿಂಡಿ ಗ್ರಿಲ್' ಅಂತ ಹಾಕಿದ್ದೇನೆ. ಓಕೆನಾ?

'ಜೀಪ್' ಪದ ಬಂದದ್ದೇ ಜನರಲ್ ಪರ್ಪಸ್, ಅಂದರೆ ಜಿಪಿ ಅನ್ನುವುದರಿಂದ ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಅದು ಅಷ್ಟು ಸಲೀಸಲ್ಲ. ಫೋರ್ಡ್‌ನ ಜಿಪಿ ಗುರುತಿನಲ್ಲಿ ಜಿ ಅಂದರೆ ಸರ್ಕಾರಿ ಗಾಡಿ, ಪಿ ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವೆ 80 ಇಂಚು ಇರುವ ಗಾಡಿ. ಪಾಪಾಯ್ ಕಾಮಿಕ್ಸಿನಲ್ಲಿ ಜೀಪ್ ಅನ್ನುವ ವಿಚಿತ್ರ ಪ್ರಾಣಿ 1936ರಲ್ಲೇ ಬಂದಿತ್ತು. ಸೇನೆಯಲ್ಲಿ ಹೊಸ ಹುಡುಗರನ್ನೂ ಇನ್ನೂ ಪರೀಕ್ಷೆಯಾಗದ ಗಾಡಿಗಳನ್ನೂ ಜೀಪ್ ಅನ್ನುತ್ತಿದ್ದರು. 1941ರ ಶುರುವಿನಲ್ಲಿ ವಿಲ್ಲಿಸ್ ಗಾಡಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದ ಮೆಟ್ಟಿಲು ಹತ್ತಿದ ಫೋಟೋ ಪತ್ರಿಕೆಯಲ್ಲಿ ಬಂದ ಮೇಲೆ ಹೆಸರು ಊರೆಲ್ಲ ಹರಡಿತು. ಈ ಚರ್ಚೆ ಬೇಕಿದ್ದರೆ ಬೇರೆ ಎಳೆಯಲ್ಲಿ ಮಾಡೋಣ. ಇಲ್ಲಿ ಆ ಕಬ್ಬಿಣಕ್ಕೊಂದು ಹೆಸರು ಕೊಡಿ. ಅಡಿಬರಹಕ್ಕೆ ಇರುವುದು ಒಂದೇ ಸಾಲು, ಚಿಕ್ಕದಿದ್ದಷ್ಟೂ ಒಳ್ಳೆಯದು.