ರೀಪರ್: ಅಜ್ಜಿಯ ಸೋಬಾನೆ ಪದ, ಮಾತು ಕೇಳದ ಫೇಡರ್

ಮೂಡಿಗೆರೆ ಹುಡುಗ:
ನಮಸ್ಕಾರ. ನಮ್ಮಜ್ಜಿ ಹಾಡಿದ ಸೋಬಾನೆ ಪದವನ್ನು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಮಿಕ್ಸ್ ಮಾಡುತ್ತಿದ್ದೇನೆ. ಅಜ್ಜಿಗೆ ಈಗ 81. ಹೆಣ್ಣೊಪ್ಪಿಸುವ ಪದ ಹಾಡುವಾಗ ಪ್ರತಿ ಸಾಲಿನ ಕೊನೆಗೆ ದನಿ ಇಳಿಸಿ, ಮುಖ ಒಲೆ ಕಡೆ ತಿರುಗಿಸಿಬಿಡುತ್ತಾಳೆ. ಕೊನೆ ಮಾತು ಕೇಳಿಸುವುದೇ ಇಲ್ಲ. ಇನ್ನೊಂದು ಸಲ ಹಾಡಿಸೋಣ ಅಂದರೆ ಉಸಿರು ಸಾಲುವುದಿಲ್ಲ. ಇರುವುದು ಇದೊಂದೇ ಟೇಕ್.

ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಹಾಕಿದರೆ ಸಾಲುಗಳ ನಡುವೆ ಹೆಂಚಿನ ಮೇಲಿನ ಮಳೆ ಸದ್ದು ಎದ್ದು ಬರುತ್ತದೆ. ಅದಕ್ಕೇ ಆಟೊಮೇಷನ್ ಹಿಡಿದೆ, ಅಂದರೆ ಫೇಡರ್ (ದನಿಯ ಮಟ್ಟದ ಗುಂಡಿ) ಏರಿಳಿತವನ್ನು ಬರೆದಿಟ್ಟು ತಾನೇ ನಡೆಯುವ ಹಾಗೆ ಮಾಡುವುದು. ರೈಟ್ ಮೋಡ್‌ನಲ್ಲಿಟ್ಟು, ಹಾಡು ಕೇಳುತ್ತಾ ಮೌಸ್‌ನಿಂದ ಫೇಡರ್ ಏರಿಳಿಸಿದೆ. ಎರಡು ನುಡಿ ಚೆನ್ನಾಗಿ ಬಂತು. ಮತ್ತೆ ಪ್ಲೇ ಮಾಡಿದರೆ ಮಾಡಿದ್ದೆಲ್ಲ ಅಳಿಸಿಹೋಗಿದೆ! ರೀಡ್‌ಗೆ ಹಾಕಿದರೆ ಫೇಡರ್ ನನ್ನ ಮಾತೇ ಕೇಳುವುದಿಲ್ಲ, ಇಳಿಸಿದರೂ ತಾನೇ ವಾಪಸ್ ಹೋಗುತ್ತದೆ. ಏನು ತಪ್ಪು ಮಾಡುತ್ತಿದ್ದೇನೆ?

ಹಾಸನ ಸೌಂಡು:
ರೈಟ್ ಬಿಡಿ. ಪ್ಲೇ ಒತ್ತಿದ ಕೂಡಲೇ ಫೇಡರ್ ಎಲ್ಲಿದೆಯೋ ಅದನ್ನೇ ಬರೆಯುತ್ತಾ ಹೋಗುತ್ತದೆ, ಹಳೆಯದು ಉಳಿಯುವುದಿಲ್ಲ. ಟಚ್ ಹಾಕಿ. ಮೌಸ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಬರೆಯುತ್ತದೆ, ಬಿಟ್ಟರೆ ಮೊದಲು ಬರೆದಿದ್ದ ಏರಿಳಿತದ ಗೆರೆಗೆ ಬರುತ್ತದೆ. ನಿಮಗೆ ಬೇಕಿರುವುದು ಸಾಲಿನ ಕೊನೆ ಮಾತ್ರ ಅಲ್ವಾ? ಲ್ಯಾಚ್ ಆದರೆ ಬಿಟ್ಟ ಮೇಲೂ ಅಲ್ಲೇ ನಿಲ್ಲುತ್ತದೆ.

ರೀಡ್‌ನಲ್ಲಿ ಫೇಡರ್ ಓಡುವುದೇ ಆ ಗೆರೆಯ ಹಿಂದೆ. ಇಡೀ ಹಾಡನ್ನು ಒಟ್ಟಿಗೆ ಇಳಿಸಬೇಕಾದರೆ ಟ್ರಿಮ್/ರೀಡ್ ಹಾಕಿ, ಗೆರೆ ಹಾಗೇ ಇದ್ದು ಒಟ್ಟು ಮಟ್ಟ ಮಾತ್ರ ಬದಲಾಗುತ್ತದೆ.

ಸಕಲೇಶಪುರ ತಬಲಾ:
ಟ್ರ್ಯಾಕ್ ಫೇಡರ್ ಬರುವುದು ಕಂಪ್ರೆಸರ್ ಆದ ಮೇಲೆ. ಪ್ರಿ-ಎಫ್‌ಎಕ್ಸ್ ವಾಲ್ಯೂಮ್ ಎನ್ವಲಪ್ (ಕಂಪ್ರೆಸರ್‌ನಂಥ ಎಫೆಕ್ಟ್‌ಗಳಿಗೆ ಮೊದಲೇ ದನಿ ಏರಿಳಿಸುವ ಗೆರೆ) ತೆಗೆದು ಅಲ್ಲಿ ಏರಿಸಿ ನೋಡಿ. ದನಿ ಸಮವಾಗಿಯೇ ಕಂಪ್ರೆಸರ್‌ಗೆ ಹೋಗುತ್ತದೆ. ಅದನ್ನು ಜಾಸ್ತಿ ಒತ್ತಬೇಕಿಲ್ಲ, ಮಳೆಯೂ ಅಷ್ಟು ಮೇಲೆ ಬರುವುದಿಲ್ಲ. 3 ಡೆಸಿಬೆಲ್ (ಡಿಬಿ) ಏರಿಕೆಯಿಂದ ಶುರುಮಾಡಿ. ಮೌಸ್‌ನಲ್ಲಿ ಕೈ ನಡುಗಿದರೆ, ಶಿಫ್ಟ್ ಹಿಡಿದು ಗೆರೆ ಮೇಲೆ ಕ್ಲಿಕ್ ಮಾಡಿ ಚುಕ್ಕಿ ಇಡಿ. ನಡುವಿನ ಮಳೆಯನ್ನು ಮಾತ್ರ ಪೂರ್ತಿ ಇಳಿಸಬೇಡಿ. ಕರೆಂಟು ಹೋದ ಹಾಗೆ ಕೇಳುತ್ತದೆ.

ಮೂಡಿಗೆರೆ ಹುಡುಗ:
ಆಯ್ತು ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಪ್ರಿ-ಎಫ್‌ಎಕ್ಸ್‌ನಲ್ಲಿ ಚುಕ್ಕಿ ಇಟ್ಟೇ ಮಾಡಿದೆ. ಮೂರನೇ ನುಡಿಯ ಕೊನೆಗೆ 4 ಡಿಬಿ ಬೇಕಾಯಿತು. ಅಲ್ಲಿ ಅಜ್ಜಿ 'ತವರು' ಅನ್ನುತ್ತಾಳೆ. ನಾನು ಇಷ್ಟು ದಿನ 'ಊರು' ಅಂದುಕೊಂಡಿದ್ದೆ. ಬಳೆ ಸದ್ದೂ ಜೊತೆಗೇ ಏರಿತ್ತು, ಆ ಒಂದು ಕಡೆ 2 ಡಿಬಿಗೆ ಇಳಿಸಿದೆ. ಇನ್ನು ಐದು ನುಡಿ ಬಾಕಿ ಇದೆ.