ಪುಸ್ತಕ ಬಿಟ್ಟು ಟೀವಿಗೆ ಹೋದರಾ?

ಭಾವ: ಜಾರ್ಜ್ ಪೆಲೆಕನೋಸ್ ಬಗ್ಗೆ ಒಳ್ಳೆ ಲೇಖನ ಹಾಕಿದ್ದೀನಿ, ನೋಡಿ. ವಾಷಿಂಗ್ಟನ್‌ನ ಕ್ರೈಮ್ ಕಾದಂಬರಿಕಾರ. 'ದ ವೈರ್' ಅನ್ನೋ ಟೀವಿ ಸರಣಿ ಬರೆದವರಲ್ಲಿ ಒಬ್ಬರು. ದೊಡ್ಡಪ್ಪ, ನಿಮಗೆ ಇಷ್ಟ ಆಗಬಹುದು.

ದೊಡ್ಡಪ್ಪ: ಓದಿದೆ. ಬೇಜಾರಾಯಿತು. ಇಷ್ಟು ಚೆನ್ನಾಗಿ ಬರೆಯುವವನು ದುಡ್ಡಿಗಾಗಿ ಟೀವಿ ಸೇರಿಬಿಟ್ಟನಲ್ಲ. ಕಾದಂಬರಿ ಒಬ್ಬನೇ ಕೂತು ಬರೆಯುವಂಥದ್ದು. ಸೀರಿಯಲ್ ಹತ್ತು ಜನ ಸೇರಿ ಹೊಸೆಯುವುದು.

ನಾನು: ಪುಸ್ತಕ ಎಲ್ಲಿ ಬಿಟ್ಟರು ದೊಡ್ಡಪ್ಪ? 'ದ ವೈರ್' ಶುರುವಾಗಿದ್ದು 2002ರಲ್ಲಿ. ಆ ವರ್ಷದಿಂದ 2006ರವರೆಗೆ ವರ್ಷಕ್ಕೊಂದು ಕಾದಂಬರಿ ಬಂದಿದೆ. ಸಿನಿಮಾನೂ ಅವರಿಗೆ ಹೊಸದಲ್ಲ. ಮೊದಲ ಕಾದಂಬರಿ 1992ರದು. ತೊಂಬತ್ತರ ದಶಕದಲ್ಲೇ ಅವರು ಸಿನಿಮಾ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು. ಅಮೆರಿಕದ ನಿರ್ದೇಶಕರಾದ ಕೊಯೆನ್ ಸಹೋದರರ ಮೊದಮೊದಲ ಸಿನಿಮಾಗಳ ಹಿಂದೆ ಇದ್ದದ್ದು ಅದೇ ಕಂಪನಿ.

ಇನ್ನು ಹತ್ತು ಜನದ ಮಾತು. ಡೆನಿಸ್ ಲೆಹೇನ್, ರಿಚರ್ಡ್ ಪ್ರೈಸ್ ಕೂಡ 'ದ ವೈರ್'ಗೆ ಬರೆದರು. ಅವರೂ ಕಾದಂಬರಿಕಾರರೇ. ಆದರೆ ಮೊದಲ ಮೂರು ಸೀಸನ್‌ಗಳಲ್ಲೂ ಕೊನೆಯದರ ಹಿಂದಿನ ಕಂತು ಬರೆದದ್ದು ಪೆಲೆಕನೋಸ್. ಎಲ್ಲ ಎಳೆಗಳೂ ಬಿಗಿಯುವುದು ಅಲ್ಲೇ. ಮೊದಲ ಸೀಸನ್‌ನ ಅಂಥ ಕಂತಲ್ಲಿ ವ್ಯಾಲೇಸ್ ಅನ್ನೋ ಹುಡುಗನನ್ನು ಅವನ ಗೆಳೆಯರೇ ಕೊಲ್ಲುತ್ತಾರೆ. ಪಿಸ್ತೂಲು ಹಿಡಿದವನೇ ಹಿಂಜರಿಯುತ್ತಾನೆ. ಕೊಲ್ಲುವವರೂ ಹುಡುಗರೇ. ಅದು ಸುಮ್ನೆ ಹೊಸೆದದ್ದಲ್ಲ. ವರ್ಷಗಟ್ಟಲೆ ಕಾದಂಬರಿ ಬರೆದು ಪಳಗಿದ ಕೈ ಅಲ್ಲಿ ಕಾಣುತ್ತೆ.

ಅಕ್ಕ: ಅಯ್ಯೋ, ಕಥೆ ಹೇಳಿಬಿಟ್ಟೆಯಲ್ಲೇ! ನಾನಿನ್ನೂ ನಾಲ್ಕನೇ ಕಂತಲ್ಲಿದ್ದೀನಿ.

ದೊಡ್ಡಪ್ಪ: ಸರಿ ಕಣಮ್ಮ. ಆದರೆ 2013ರಲ್ಲಿ ಒಂದು ಕಾದಂಬರಿ ಬಂತು. ಮುಂದಿನದು 2018ರಲ್ಲಿ. ಲೇಖನದಲ್ಲೇ ಇದೆ. ನಡುವಿನ ಐದು ವರ್ಷ ನುಂಗಿದ್ದು ಟೀವಿ ತಾನೆ?

ಭಾವ: 2015ರಲ್ಲಿ ಕಥೆಗಳ ಪುಸ್ತಕ ಬಂತಲ್ಲ. 2017ರಲ್ಲಿ 'ದ ವೈರ್' ರೂಪಿಸಿದ ಡೇವಿಡ್ ಸೈಮನ್ ಜೊತೆ 'ದ ಡ್ಯೂಸ್' ಅನ್ನೋ ಟೀವಿ ಸರಣಿ ಶುರು ಮಾಡಿದರು.

ದೊಡ್ಡಪ್ಪ: ನಾನು ಹೇಳಿದ್ದೂ ಅದನ್ನೇ ಅಲ್ವಾ?

ನಾನು: ಟೀವಿ ಅವರ ಸಮಯ ತಿಂದಿತು, ಒಪ್ಪುತ್ತೀನಿ. ಬರವಣಿಗೆ ಕೆಡಿಸಲಿಲ್ಲ. 2018ರ ಕಾದಂಬರಿ ಓದಿ ದೊಡ್ಡಪ್ಪ. ಜೈಲಿನ ಲೈಬ್ರರಿ ನೋಡಿಕೊಳ್ಳುವ ಹೆಂಗಸು ಒಬ್ಬ ಕೈದಿಗೆ ಓದಿನ ರುಚಿ ಹತ್ತಿಸುತ್ತಾಳೆ. ಅವನು ಹೊರಗೆ ಬಂದ ಮೇಲೆ ಹಳೇ ಋಣ ಬೆನ್ನು ಬಿಡಲ್ಲ. ಪುಸ್ತಕದ ಮೇಲೆ ಪ್ರೀತಿ ಕಳಕೊಂಡವರಿಗೆ ಇಂಥದ್ದು ಬರೆಯೋಕೆ ಆಗುತ್ತಾ? ಭಾನುವಾರ ತರ್ತೀನಿ.

ದೊಡ್ಡಪ್ಪ: ತಾ, ಓದ್ತೀನಿ. ಆದರೆ ಆ ಐದು ವರ್ಷದ ಮಾತು ನಾನು ಬಿಡಲ್ಲ. ಆಗ ಬರಬೇಕಿದ್ದ ಕಾದಂಬರಿಗಳನ್ನ ನನಗೆ ಯಾರು ಕೊಡ್ತಾರೆ?